ಗೂಗಿಗುಡ್ಡಕ್ಕೆ ನಂಬರು ಹಾಕಿದ ವರ್ಷ

ಮೊನ್ನೆ ನಮ್ಮ ಶಾಲೆಯ ಗೇಟಿಗೆ ಬಿಳಿ ಬಣ್ಣ ಹೊಡೆಯುತ್ತಿದ್ದರು. ನಾನು ಎಂಟನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಬಣ್ಣದ ಘಾಟು, ಅದಕ್ಕೆ ಬೆರೆಸುವ ಟರ್ಪಂಟೈನಿನ ಖಾರ ವಾಸನೆ ಒಳಗೆ ಬಂತು. ಹಲಗೆಯ ಮೇಲೆ ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಮಕ್ಕಳಿಗೆ ತಲೆನೋವೆಂದು ಹೇಳಿ ಸ್ಟಾಫ್ ರೂಮಿಗೆ ಬಂದು ಕುಳಿತೆ. ತಲೆನೋವು ಇರಲಿಲ್ಲ. ಸುಳ್ಳು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ನನಗೆ ಮೊದಲು ಗೊತ್ತಾದದ್ದು ಇದೇ ವಾಸನೆಯ ನಡುವೆ, ಕುರುಗೋಡಿನ ಹತ್ತಿರದ ಒಂದು ಗುಡ್ಡದ ಮೇಲೆ.

ಸಿರುಗುಪ್ಪ ತಾಲ್ಲೂಕಿನಲ್ಲಿ ನಾನು ಮೇಷ್ಟ್ರಾಗಿ ಹತ್ತು ವರ್ಷದ ಮೇಲಾಯಿತು. ಪ್ರತಿ ಜೂನ್ ತಿಂಗಳಲ್ಲಿ ಪರಿಸರ ದಿನದ ಭಾಷಣ ನನಗೇ ಬರುತ್ತದೆ. ಗಿಡದ ಬೇರು ಮಣ್ಣನ್ನು ಹೇಗೆ ಹಿಡಿದಿಡುತ್ತದೆ, ಮಳೆನೀರು ನೆಲದೊಳಗೆ ಹೇಗೆ ಇಳಿಯುತ್ತದೆ ಎಂದೆಲ್ಲ ಚೆನ್ನಾಗಿ ಹೇಳುತ್ತೇನೆಂದು ಹೆಸರಿದೆ. ಇದನ್ನು ಎಲ್ಲಿ ಕಲಿತೆ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ಆಗ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಬಳ್ಳಾರಿಯಲ್ಲಿ ಗೆಳೆಯರ ರೂಮಿನಲ್ಲಿದ್ದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ "ಏನರ ಕೆಲ್ಸ ಸಿಕ್ತೇನಪಾ?" ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಹೆದರಿ ಊರಿಗೆ ಹೋಗುವುದನ್ನೇ ಬಿಟ್ಟಿದ್ದೆ. ದೀಪಾವಳಿ ಮುಗಿದು ಚಳಿ ಬಿದ್ದ ದಿನಗಳಲ್ಲಿ ಎರ್ರಿಸ್ವಾಮಿ ಎಂಬ ಸೂಪರ್‌ವೈಸರ್ ಸಿಕ್ಕ. ಕುರುಗೋಡಿನ ಆಚೆಗಿನ ಗುಡ್ಡವೊಂದನ್ನು ಗ್ರಾನೈಟ್ ಕಲ್ಲಿಗಾಗಿ ಒಂದು ಕಂಪನಿ ಹಿಡಿದಿತ್ತು. ಕಲ್ಲು ತೆಗೆಯುವ ಮೊದಲು ಮೇಲಿನ ಕಾಡನ್ನು ಪೂರ್ತಿ ಬೋಳಿಸಬೇಕು, ಬೋಳಿಸುವ ಮೊದಲು ಮರ ಎಣಿಸಬೇಕು. ಎಣಿಸುವ ಗುತ್ತಿಗೆ ಹಿಡಿದವರ ಕಡೆಯವನು ಎರ್ರಿಸ್ವಾಮಿ. ಸಸ್ಯಶಾಸ್ತ್ರ ಓದಿದ ಹುಡುಗ ಬೇಕಿತ್ತು, ಪಟ್ಟಿಯ ಕೆಳಗೆ ಸಹಿ ಹಾಕಲು.

"ಸುಲಭದ ಕೆಲ್ಸ," ಎಂದ. "ಸುತ್ತಳತಿ ಹಿಡಿ, ಹೆಸರು ಬರಿ, ನಂಬರ ಹಾಕು. ಸಣ್ಣಪುಟ್ಟವೆಲ್ಲಾ ಕುರುಚಲು ಅಂತ ಒಂದ ಮಾತಿನಾಗ ಬರದುಬಿಡು. ಊರಾಗ ಯಾರರ ಕೇಳಿದ್ರ ಸರ್ವೇ ಅನ್ನು. ಅಷ್ಟ. ಸರೇನಾ?"

"ಸರಿ" ಎಂದೆ. ಕೆಲಸ ಸಿಕ್ಕಿತೆಂದು ಅಪ್ಪನಿಗೆ ಅಂದೇ ಫೋನ್ ಮಾಡಿದೆ.

ಗುಡ್ಡದ ಹೆಸರು ಗೂಗಿಗುಡ್ಡ, ಗೂಬೆಗಳ ಗುಡ್ಡ. ದೂರದಿಂದ ನೋಡಿದರೆ ಬರೀ ಬಂಡೆ, ನಡುನಡುವೆ ಬೂದುಹಸಿರು ಬಣ್ಣದ ತೇಪೆ. ಮಲೆನಾಡಿನ ಕಾಡು ಕಂಡವರಿಗೆ ಇದನ್ನು ಕಾಡೆಂದು ಕರೆಯಲು ಬಾಯಿ ಬರಲಿಕ್ಕಿಲ್ಲ. ನನಗೂ ಮೊದಲ ದಿನ ಹಾಗೇ ಅನಿಸಿತ್ತು. ಒಳಗೆ ಹೊಕ್ಕ ಮೇಲೆ ಬೇರೆಯೇ ಆಯಿತು. ಬಂಡೆಗಳ ಸಂದಿಯಲ್ಲಿ ಕಮರ, ತಪಸಿ, ಮುತ್ತುಗ, ಬೇವು. ಅವುಗಳ ಕೆಳಗೆ ಕಾರೆ, ಬಾರೆ, ಸೀತಾಫಲ. ಅದರ ಕೆಳಗೆ ಹುಲ್ಲು, ಉದುರಿದ ಎಲೆ. ಎಲೆ ಸರಿಸಿದರೆ ಚಳಿಗಾಲದಲ್ಲೂ ಮಣ್ಣು ತಣ್ಣಗಿರುತ್ತಿತ್ತು. ನವಿಲು ಕೂಗುತ್ತಿದ್ದವು. ಒಮ್ಮೆ ಕರಡಿಯ ಹೆಜ್ಜೆ ಕಂಡು ಅರ್ಧ ದಿನ ಕೆಲಸ ಬಿಟ್ಟು ಕೆಳಗೆ ಕೂತಿದ್ದೆ.

ಮೂರನೆಯ ದಿನ ಹೊನ್ನೂರಮ್ಮ ಸಿಕ್ಕಳು. ಗುಡ್ಡದ ಕೆಳಗಿನ ಹಳ್ಳಿಯವಳು, ಐವತ್ತರ ಆಸುಪಾಸು. ಒಂದು ಹಿಂಡು ಆಡು ಮೇಯಿಸುತ್ತಿದ್ದಳು, ಈಚಲ ಗರಿ ಕೊಯ್ದು ಕಸಬರಿಗೆ ಕಟ್ಟಿ ಕುರುಗೋಡಿನ ಸಂತೆಯಲ್ಲಿ ಮಾರುತ್ತಿದ್ದಳು. ನಾನು ಒಂದು ಕಮರದ ಕಾಂಡದ ತೊಗಟೆ ಕೆರೆದು ಬಿಳಿ ಬಣ್ಣದಲ್ಲಿ ನಂಬರು ಬರೆಯುತ್ತಿದ್ದೆ. ಆಕೆ ಬಂದು ಹಿಂದೆ ನಿಂತಳು.

"ಗಿಡಕ್ಕ ಯಾಕ ಬಣ್ಣ ಹಚ್ಚಾಕತ್ತೀದಿ ತಮ್ಮಾ?"

"ಸರ್ವೇ, ಅಮ್ಮಾ."

"ಸರ್ವೇ ಅಂದ್ರ? ಕಡಿತಾರೇನು?"

ಅಷ್ಟು ನೇರವಾಗಿ ಕೇಳಿದಳು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಸುಮ್ಮನಿರಬಹುದಿತ್ತು. ಎರ್ರಿಸ್ವಾಮಿ ಹೇಳಿಕೊಟ್ಟದ್ದು ಸರ್ವೇ ಎಂಬ ಒಂದೇ ಮಾತು. ಮುಂದಿನದು ನನ್ನ ಸ್ವಂತದ್ದು.

"ಇಲ್ಲಮ್ಮಾ. ಕಡೀಬಾರ್ದು ಅಂತಾನ ನಂಬರ ಹಾಕೋದು. ಯಾವ ಗಿಡ ಎಲ್ಲಿ ಐತಿ ಅಂತ ಪಟ್ಟಿ ಇದ್ರ ಕಳ್ಳರು ಕಡಿಯಾಕ ಅಂಜ್ತಾರ."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಕೆ ಗಲಾಟೆ ಮಾಡಬಹುದೆಂಬ ಹೆದರಿಕೆ ಸ್ವಲ್ಪ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಹೆಣ್ಣುಮಗಳು ನನ್ನನ್ನು ಒಳ್ಳೆಯವನೆಂದು ತಿಳಿಯಲಿ ಎಂಬ ಆಸೆ. ಆ ಆಸೆ ಕೂಡಲೇ ಈಡೇರಿತು. ಹೊನ್ನೂರಮ್ಮನ ಮುಖ ಅರಳಿತು.

"ಹಂಗಾರ ಪುಣ್ಯೇದ ಕೆಲ್ಸ ಮಾಡಾಕತ್ತೀದಿ ಬಿಡು," ಎಂದಳು.

ಮರುದಿನದಿಂದ ಆಕೆ ನನ್ನ ಜೊತೆಯೇ ಗುಡ್ಡ ಸುತ್ತತೊಡಗಿದಳು. ಸಜ್ಜೆರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದು ನನಗೂ ಕೊಡುತ್ತಿದ್ದಳು. ನಾನು ಕಾಲೇಜಿನಲ್ಲಿ ಓದಿದ್ದು ಲ್ಯಾಟಿನ್ ಹೆಸರು. ಎಲೆ ಉದುರಿ ನಿಂತ ಗಿಡವನ್ನು ಗುರುತಿಸಲು ನನಗೆ ಬರುತ್ತಿರಲಿಲ್ಲ. ಆಕೆ ತೊಗಟೆ ಮುಟ್ಟಿ ಹೇಳುತ್ತಿದ್ದಳು. ಯಾವ ಗಿಡದ ಕಾಯಿ ಕರಡಿಗೆ ಬೇಕು, ಯಾವ ಗಿಡದ ಪೊಟರೆಯಲ್ಲಿ ಗೂಗಿ ಮರಿ ಮಾಡುತ್ತದೆ, ಯಾವ ಇಳಿಜಾರಿನಲ್ಲಿ ಮಳೆ ಬಂದ ಎರಡು ದಿನದ ಮೇಲೂ ಕಾಲಡಿ ನೀರು ಜಿನುಗುತ್ತದೆ, ಎಲ್ಲ ಗೊತ್ತಿತ್ತು. ನಾನು ಸುತ್ತಳತೆಯ ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಆಕೆಯೇ ಹಿಡಿಯುತ್ತಿದ್ದಳು. ನಂಬರು ಬರೆದು ಮುಗಿದ ಮೇಲೆ ಮಗುವಿಗೆ ಲಸಿಕೆ ಹಾಕಿಸಿದ ತಾಯಿಯ ಹಾಗೆ ಕಾಂಡವನ್ನೊಮ್ಮೆ ಸವರಿ ಮುಂದೆ ಹೋಗುತ್ತಿದ್ದಳು. ಹಾಗೆ ಸವರುವುದನ್ನು ನೋಡಿ ನನಗೆ ಕಸಿವಿಸಿಯಾಗುತ್ತಿತ್ತು. ಆದರೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಒಂದು ತಿಂಗಳು ಹೋಯಿತು.

ಕೆಲಸ ಮುಗಿಯುವ ಹೊತ್ತಿಗೆ ಆಕೆ ಕೇಳಿದಳು: "ಸರುವು ನೋಡಿಯೇನು?"

ಪಡುವಣ ಮಗ್ಗುಲಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಒಬ್ಬರು ನುಸುಳುವಷ್ಟು ಸಂದಿ. ನುಸುಳಿ ಹೋದರೆ ಒಳಗೆ ಕಿರಿದಾದ ಕೊರಕಲು. ಗುಡ್ಡದ ನೀರೆಲ್ಲ ಹರಿದು ಬರುವ ದಾರಿ. ಊರವರು ಅದನ್ನೇ ಸರುವು ಎನ್ನುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಅಲ್ಲಿ ನೆರಳು ಕವಿದಿತ್ತು. ಒತ್ತೊತ್ತಾಗಿ ಬೆಳೆದ ತಪಸಿ ಮರಗಳು, ನಡುವೆ ಒಂದು ಹಳೆಯ ಬಸರಿ. ಬಸರಿಯ ಬುಡದಲ್ಲಿ ಬಂಡೆಯೇ ಬೋಗುಣಿಯಾದಂಥ ನೀರಗುಂಡಿ, ದೊಣೆ. ಬೊಗಸೆಯಲ್ಲಿ ತೆಗೆದು ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

"ಬ್ಯಾಸಗಿ ಪೂರಾ ಇರ್ತತಿ," ಎಂದಳು. "ನಮ್ಮ ಬಾವಿ ಬತ್ತಿದ್ರೂ ಇದು ಬತ್ತಂಗಿಲ್ಲ. ಆಡು ಕುಡಿತಾವ, ನಾವೂ ಕುಡಿತೀವಿ. ಇವಕ್ಕೂ ನಂಬರ ಹಾಕು ತಮ್ಮಾ, ಇವೂ ಉಳೀಲಿ."

ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಈ ಸರುವು ಇರಲಿಲ್ಲ. ಗಡಿಗೆರೆ ಬಂಡೆಗಳವರೆಗೆ ಬಂದು ಅಲ್ಲೇ ಮಸುಕಾಗಿತ್ತು. ಬಿಟ್ಟುಬಿಟ್ಟಿದ್ದರೆ ಎರ್ರಿಸ್ವಾಮಿಗಾಗಲಿ ಅವನ ಮೇಲಿನವರಿಗಾಗಲಿ ತಿಳಿಯುತ್ತಲೇ ಇರಲಿಲ್ಲ. ಆಕೆ ನನ್ನ ಮುಖ ನೋಡುತ್ತ ನಿಂತಿದ್ದಳು. ಬೇಡವೆನ್ನಲು ಕಾರಣ ಕೊಡಬೇಕಿತ್ತು. ಕಾರಣ ಕೊಟ್ಟರೆ ಮೊದಲ ಸುಳ್ಳು ಹೊರಬೀಳುತ್ತಿತ್ತು. ಡಬ್ಬಿಗೆ ಬ್ರಷ್ ಅದ್ದಿದೆ. ಒಂದೊಂದಕ್ಕೂ ಹಾಕಿದೆ. ಬಸರಿಗೂ ಹಾಕಿದೆ. ಸಂಜೆ ಪಟ್ಟಿಗೆ ಸೇರಿಸಿ ಬರೆದು ಸಹಿ ಮಾಡಿದೆ.

ಪಟ್ಟಿ ನೋಡಿದ ಎರ್ರಿಸ್ವಾಮಿ ಬೆನ್ನು ತಟ್ಟಿದ. "ಭಲೇ, ಇದನ್ನೆಲ್ಲಿ ಹುಡುಕಿದಿಲೇ! ನಮಗ ಗೊತ್ತ ಇರಲಿಲ್ಲ."

ಶಿವರಾತ್ರಿಯ ಮರುವಾರ ಕಡಿಯುವವರು ಬಂದರು. ಬೇರೆ ಕಡೆಯ ಕೂಲಿಗಳು, ಯಂತ್ರದ ಗರಗಸ, ಎರಡು ಜೆಸಿಬಿ. ಕೆಡವಿದ ಮರದ ನಂಬರಿಗೆ ಪಟ್ಟಿಯಲ್ಲಿ ಗುರುತು ಹಾಕಲು ನನ್ನನ್ನೂ ಕರೆಸಿದ್ದರು. ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಒಂದು ಮರ ಬೆಳೆಯಲು ಎಷ್ಟು ಕಾಲ ಬೇಕೆಂದು ಓದಿದ್ದೆ. ಬೀಳಲು ಎಷ್ಟು ಹೊತ್ತು ಬೇಕೆಂದು ನೋಡಿರಲಿಲ್ಲ. ನಾನು ಹಿಂದಿನ ಮರದ ಗುರುತು ಹಾಕಿ ಮುಗಿಸುವುದರೊಳಗೆ ಮುಂದಿನದು ನೆಲದ ಮೇಲಿರುತ್ತಿತ್ತು. ಕುರುಚಲು ಎಂದು ಒಂದೇ ಮಾತಿನಲ್ಲಿ ಬರೆದದ್ದನ್ನೆಲ್ಲ ಜೆಸಿಬಿ ಬೇರುಸಮೇತ ಕೆರೆದು ಒಂದು ಕಡೆ ಒಟ್ಟುತ್ತಿತ್ತು.

ಗರಗಸದ ಸದ್ದು ಕೇಳಿ ಹೊನ್ನೂರಮ್ಮ ಓಡಿ ಬಂದಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿದಿತ್ತು. ನನ್ನನ್ನು ಕಂಡೊಡನೆ ಆಕೆಗೆ ಹೋದ ಜೀವ ಬಂದಂತಾಯಿತು.

"ಬಂದೀಯಾ ತಮ್ಮಾ! ನೋಡಿಲ್ಲಿ, ಕಳ್ಳರು ಬಂದಾರ, ಹಾಡುಹಗಲ! ನಿನ್ನ ಪಟ್ಟಿ ತಗಿ, ತೋರ್ಸು ಅವರಿಗೆ. ಇವೆಲ್ಲಾ ನಂಬರ ಇದ್ದ ಗಿಡ ಅಂತ ಹೇಳು!"

ಪಟ್ಟಿ ನನ್ನ ಕೈಯಲ್ಲೇ ಇತ್ತು. ಅದರ ಮೇಲೆ ಆಗಲೇ ಗುರುತು ಹಾಕಿದ ಪೆನ್ನೂ ಇತ್ತು. ಪಕ್ಕದಲ್ಲಿದ್ದ ಕೂಲಿಯೊಬ್ಬ ನನ್ನ ಮುಖ ನೋಡಿದ.

"ತಡೀರಿ ಅಮ್ಮಾ, ಸಾಹೇಬ್ರಿಗೆ ಫೋನ್ ಮಾಡ್ತೀನಿ," ಎಂದೆ.

ಆಚೆ ಹೋಗಿ ಫೋನ್ ಕಿವಿಗೆ ಹಿಡಿದೆ. ಯಾರಿಗೂ ಹಚ್ಚದ ಫೋನಿನಲ್ಲಿ "ಹಲೋ ಸರ್, ಹಲೋ" ಎಂದು ಎರಡು ಸಲ ಅಂದೆ. ಇಲ್ಲಿ ಸಿಗ್ನಲ್ ಇಲ್ಲ, ಕೆಳಗೆ ಹೋಗಿ ಮಾಡುತ್ತೇನೆಂದು ಆಕೆಗೆ ಕೂಗಿ ಹೇಳಿ ಗುಡ್ಡ ಇಳಿದೆ. ಬರುವಾಗ ಗೆಳೆಯನಿಂದ ಕೇಳಿ ತಂದಿದ್ದ ಬೈಕ್ ಹತ್ತಿ ಬಳ್ಳಾರಿಗೆ ಬಂದುಬಿಟ್ಟೆ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಆಕೆ ಎಷ್ಟು ಹೊತ್ತು ನನ್ನ ದಾರಿ ಕಾಯುತ್ತ ನಿಂತಿದ್ದಳೋ ಗೊತ್ತಿಲ್ಲ.

ಆಮೇಲೆ ಕೆಲಸಕ್ಕೆ ಹೋಗಲಿಲ್ಲ. ಗುರುತು ಹಾಕಲು ಬೇರೆ ಯಾರನ್ನೋ ಹಿಡಿದರು. ನಾನು ಕೆಲಸ ಬಿಟ್ಟರೂ ಒಂದು ಮರವೂ ಉಳಿಯಲಿಲ್ಲ. ಆ ಬೇಸಗೆಯಲ್ಲಿ ಸೌದೆ ತುಂಬಿದ ಲಾರಿಗಳು ಬಳ್ಳಾರಿಗೆ ಬರುತ್ತಿದ್ದವು. ಜೀನ್ಸ್ ಬಟ್ಟೆ ತೊಳೆಯುವ ಕಡೆ ಬಾಯ್ಲರ್ ಕಾಯಿಸಲು ಸೌದೆ ಬೇಕು. ಒಂದು ಸಂಜೆ ಚಹಾ ಕುಡಿಯಲು ರಸ್ತೆಗೆ ಬಂದಾಗ ಅಂಥ ಒಂದು ಲಾರಿ ಎದುರು ನಿಂತಿತ್ತು. ಹಿಂಬದಿಯ ತುಂಡೊಂದರಲ್ಲಿ ಬಿಳಿ ನಂಬರು. ಅದರ ಏಳಕ್ಕೆ ಅಡ್ಡಗೆರೆ ಇತ್ತು, ಹಾಗೆ ಬರೆಯುವುದು ನನ್ನ ಅಭ್ಯಾಸ. ಚಹಾ ಅಲ್ಲೇ ಬಿಟ್ಟು ರೂಮಿಗೆ ಬಂದೆ.

ಮುಂಗಾರು ತಡವಾಗಿ, ಒಮ್ಮೆಲೇ ಬಂತು. ನಾನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೊರಟಿದ್ದೆ, ಮೇಷ್ಟ್ರ ಪರೀಕ್ಷೆಯ ಅರ್ಜಿಗೆ ಅಪ್ಪನಿಂದ ಕಾಗದಪತ್ರ ತರಲು. ಮುಖ್ಯರಸ್ತೆಯಲ್ಲಿ ಸೇತುವೆ ಕೆಲಸ ನಡೆದಿತ್ತೆಂದು ಬಸ್ಸು ಹಳ್ಳಿಗಳ ಮೇಲೆ ಸುತ್ತುಹಾಕಿಕೊಂಡು ಹೋಯಿತು. ಹಿಂದಿನ ದಿನ ಸುರಿದ ಮಳೆಗೆ ಒಂದು ಕಡೆ ರಸ್ತೆಯೇ ಇರಲಿಲ್ಲ. ಮೊಣಕಾಲುದ್ದ ಕೆಂಪು ಕೆಸರು, ಅದರೊಳಗೆ ಗರಸು ಕಲ್ಲು, ಬುಡಮೇಲಾದ ಬೊಡ್ಡೆಗಳು. ಡ್ರೈವರ್ ಎಲ್ಲರನ್ನೂ ಇಳಿಸಿದ. ತಲೆ ಎತ್ತಿ ನೋಡಿದೆ. ಎದುರಿಗೆ ಗೂಗಿಗುಡ್ಡ. ಚರ್ಮ ಸುಲಿದ ಪ್ರಾಣಿಯ ಹಾಗೆ ಕೆಂಪಗೆ, ಮೇಲಿಂದ ಕೆಳಗಿನವರೆಗೆ ನೀರು ಕೊರೆದ ಗೀರುಗಳು.

ಹಳ್ಳಿಯವರು ಸಲಿಕೆ ಹಿಡಿದು ಕೆಸರು ತೆಗೆಯುತ್ತಿದ್ದರು. ಗುಡ್ಡದಡಿಯ ಹೊಲಗಳಲ್ಲಿ ಮೊಳಕೆಯೊಡೆದ ಹತ್ತಿಯ ಮೇಲೆ ಗರಸು ಹಾಸಿಕೊಂಡಿತ್ತು. ದನ ನೀರು ಕುಡಿಯುವ ಗೋಕಟ್ಟೆ ಹೂಳು ತುಂಬಿ ನೆಲಕ್ಕೆ ಸಮವಾಗಿತ್ತು.

"ಇದಕ್ಕಿಂತಾ ದೊಡ್ಡ ಮಳಿ ಬಂದಾವ," ಎಂದು ಮುದುಕನೊಬ್ಬ ಕಂಡಕ್ಟರನಿಗೆ ಹೇಳುತ್ತಿದ್ದ. "ಆಗೆಲ್ಲಾ ಮಳಿ ನಿಂತ ಎಷ್ಟೋ ಹೊತ್ತಿಗೆ ಹಳ್ಳ ಬರ್ತಿತ್ತು, ತಿಳಿನೀರು ಹೊತ್ಕೊಂಡು. ನಿನ್ನಿ ಮಳಿ ಜೋಡೀನ ಗುಡ್ಡಾನೂ ಬಂತು."

ಗುಂಪಿನಲ್ಲಿ ಹೊನ್ನೂರಮ್ಮ ಇದ್ದಳು. ಹಿಂದೆ ಸರಿದು ಬಸ್ಸಿನ ಮರೆಗೆ ಹೋಗುವಷ್ಟರಲ್ಲಿ ನನ್ನನ್ನು ಕಂಡುಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಸರುಗೈಯಲ್ಲೇ ನನ್ನ ತೋಳು ಹಿಡಿದು ಊರವರ ಮುಂದೆ ನಿಲ್ಲಿಸಿದಳು.

"ನಂಬರ ಹಾಕಿದ ತಮ್ಮ ಅಂತಿದ್ನಲ್ಲ, ಇವನ. ನೀವೆಲ್ಲಾ ಇವನ ಮ್ಯಾಲೆ ಅನುಮಾನ ಪಟ್ರಿ. ಅವತ್ತ ನನ್ನ ಮುಂದ ಫೋನ್ ಮಾಡಿದ, ಪಾಪ. ದೊಡ್ಡೋರು ಇವನ ಮಾತು ಕೇಳಲಿಲ್ಲ. ಇವಗೂ ಮೋಸ ಆತು."

ಹತ್ತಾರು ಜನ ನನ್ನನ್ನು ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಹೌದು ಎನ್ನುವಂತೆ. ಒಬ್ಬರು "ಇರ್ಲಿ ಬಿಡಪಾ, ನೀನರ ಏನ್ ಮಾಡ್ತಿ" ಎಂದರು. ಯಾರೋ ಚಹಾ ತಂದುಕೊಟ್ಟರು, ಕುಡಿದೆ.

"ಸರುವಿಂದು ಏನಾತಮ್ಮಾ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಬಸರಿ ಹೋತು, ನೆಳ್ಳು ಹೋತು. ದೊಣಿ ಮಣ್ಣಾಗ ಮುಚ್ಚೇತಿ. ಎರಡ ಸಲ ತೋಡಿದೆ. ಮತ್ತ ತುಂಬತೈತಿ," ಎಂದಳು.

ಆ ಕಲ್ಲು ಕೊನೆಗೂ ಹೊರಗೆ ಬರಲಿಲ್ಲ. ಬಂಡೆಯೊಳಗೆ ಬಿರುಕಿದೆ, ಪಾಲಿಶಿಗೆ ಬರುವುದಿಲ್ಲವೆಂದು ನಾಲ್ಕು ಕಡೆ ಸಿಡಿಸಿ ನೋಡಿ ಕಂಪನಿಯವರು ಬಿಟ್ಟುಹೋದರು. ಏನೂ ಸಿಗದ ಒಂದು ಗುಡ್ಡಕ್ಕಾಗಿ ಅಷ್ಟೂ ಕಾಡು ಹೋಯಿತು. ಮರುವರ್ಷದ ಬೇಸಗೆಯಲ್ಲಿ ಹಳ್ಳಿಯ ಬಾವಿಗಳು ಬತ್ತಿದವು, ಆಸರೆಗೆ ದೊಣೆಯೂ ಇರಲಿಲ್ಲ. ಕಾರೆ ಬಾರೆ ಹಣ್ಣಿಲ್ಲದೆ ಕರಡಿಗಳು ಶೇಂಗಾ ಹೊಲಕ್ಕೆ ಇಳಿಯತೊಡಗಿದವು. ಹೊನ್ನೂರಮ್ಮ ಮೇವಿಲ್ಲದೆ ಆಡು ಮಾರಿ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಕಡೆ ಪ್ಯಾಂಟಿನ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಕಣ್ಣು ಮಂಜಾಗುವವರೆಗೆ ಅದನ್ನೇ ಮಾಡಿ ಊರಿಗೆ ಮರಳಿದಳಂತೆ. ನಾನು ಪರೀಕ್ಷೆ ಪಾಸಾಗಿ ಮೇಷ್ಟ್ರಾದೆ. ಬಳ್ಳಾರಿಗೆ ಹೋಗಿಬರುವಾಗ ಬಸ್ಸಿನಲ್ಲಿ ಗುಡ್ಡ ಕಾಣದ ಮಗ್ಗುಲಿನ ಸೀಟು ಹಿಡಿಯುವುದನ್ನು ರೂಢಿ ಮಾಡಿಕೊಂಡೆ.

ಹೋದ ತಿಂಗಳು, ನಾನು ಮೇಷ್ಟ್ರಾದದ್ದು ಯಾರಿಂದಲೋ ತಿಳಿದು, ಹೊನ್ನೂರಮ್ಮ ನಮ್ಮ ಶಾಲೆಗೆ ಹುಡುಕಿಕೊಂಡು ಬಂದಳು. ಜೊತೆಗೆ ಊರಿನ ಇಬ್ಬರು ಹೆಂಗಸರು. ಗೂಗಿಗುಡ್ಡದ ಪಕ್ಕದ ಗುಡ್ಡಕ್ಕೂ ಈಗ ಯಾರೋ ಕಣ್ಣು ಹಾಕಿದ್ದಾರೆ, ಕುರುಗೋಡಿನ ಕಲ್ಯಾಣಮಂಟಪದಲ್ಲಿ ಜನರ ಅಹವಾಲು ಕೇಳುವ ಸಭೆ ಇದೆ, ಓದಿದವರೊಬ್ಬರು ನಮ್ಮ ಪರ ಮಾತಾಡಬೇಕು ಎಂದಳು. "ನೀನು ಬಂದ್ರ ಧೈರ್ಯ. ನಿನಗ ಎಲ್ಲಾ ಗೊತ್ತೈತಿ ತಮ್ಮಾ."

ಆ ಇಬ್ಬರನ್ನು ಕೂರಿಸಿ, ಆಕೆಯನ್ನು ಖಾಲಿ ತರಗತಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ನಂಬರು ಕಡಿಯುವುದಕ್ಕೇ ಎಂದು ಮೊದಲ ದಿನವೇ ಗೊತ್ತಿತ್ತು ಎಂದೆ. ಸರುವನ್ನು ಪಟ್ಟಿಗೆ ಸೇರಿಸಿದ್ದು ನಾನೇ ಎಂದೆ. ಫೋನನ್ನು ಯಾರಿಗೂ ಮಾಡಿರಲಿಲ್ಲ ಎಂದೆ. ಆಕೆ ಮಕ್ಕಳ ಬೆಂಚಿನ ಮೇಲೆ ಕೂತು ಮಂಜು ಕಣ್ಣಿನಿಂದ ನನ್ನ ದನಿ ಬರುತ್ತಿದ್ದ ಕಡೆಗೇ ನೋಡುತ್ತಿದ್ದಳು.

"ನಿನ್ನ ಸಲುವಾಗಿ ಊರ ಮಂದಿ ಕೂಡ ಜಗಳ ಮಾಡೀನಲ್ಲೋ," ಎಂದಳು ಕೊನೆಗೆ.

ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಮುಂದ ಹೇಳಿದ್ರ ನಿಮಗ ಹಗುರ ಆಗ್ತತಿ. ಗುಡ್ಡಕ್ಕ ಏನಾಗ್ತತಿ? ಸಭಾದಾಗ ಹೇಳ್ರಿ, ಸರ. ನಂಬರ ಯಾಕ ಹಾಕ್ತಾರ ಅಂತ ಮಂದಿಗೆ ತಿಳೀಲಿ."

ಆಕೆ ನನ್ನನ್ನು ಸರ್ ಎಂದದ್ದು ಅದೇ ಮೊದಲು. ಹೇಳುತ್ತೇನೆಂದು ಮಾತು ಕೊಟ್ಟೆ.

ಸಭೆಯ ದಿನ ಕಲ್ಯಾಣಮಂಟಪ ತುಂಬಿತ್ತು. ವೇದಿಕೆಯ ಮೇಲೆ ಅಧಿಕಾರಿಗಳು, ಒಂದು ಬದಿಗೆ ಕಂಪನಿಯವರು, ಮೂಲೆಯಲ್ಲಿ ಕ್ಯಾಮೆರಾ. ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಕ್ಯಾಮೆರಾ ನನ್ನ ಕಡೆ ತಿರುಗಿತು. ನೌಕರಿ ನೆನಪಾಯಿತು, ನನ್ನ ಶಾಲೆಯ ಮಕ್ಕಳು ಇದನ್ನು ಫೋನಿನಲ್ಲಿ ನೋಡುತ್ತಾರೆ ಎಂಬುದು ನೆನಪಾಯಿತು. ಬಾಯಿ ತೆರೆದಾಗ ಬಂದದ್ದು ಪರಿಸರ ದಿನದ ಭಾಷಣ. ಕಾಡನ್ನು ಪೂರ್ತಿ ಕಡಿದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಅಂತರ್ಜಲ ಇಳಿಯುತ್ತದೆ, ಕೆರೆಯಲ್ಲಿ ಹೂಳು ತುಂಬುತ್ತದೆ, ಪ್ರಾಣಿಗಳು ಊರಿಗೆ ಬರುತ್ತವೆ. ಒಂದು ಮಾತೂ ಸುಳ್ಳಲ್ಲ. ಚಪ್ಪಾಳೆ ಬಿತ್ತು. ಕಂಪನಿಯ ಕಡೆಯವನೊಬ್ಬ ಕೂಡ ಎದ್ದು ಕೈ ಕುಲುಕಿ "ಚೆನ್ನಾಗಿ ಹೇಳಿದ್ರಿ ಸರ್" ಎಂದ. ಬಂದು ಮೂರನೆಯ ಸಾಲಿನಲ್ಲಿ ಕೂತೆ.

ಆಮೇಲೆ ಹೊನ್ನೂರಮ್ಮನನ್ನು ಇಬ್ಬರು ಹೆಂಗಸರು ಮೈಕಿನ ಹತ್ತಿರ ಕರೆತಂದರು.

"ಗೂಗಿಗುಡ್ಡದ ಸರುವು ಕಡಿಸಿದಾಕಿ ನಾನು," ಎಂದಳು. "ನಂಬರ ಹಾಕಿದ್ರ ಗಿಡ ಉಳಿತಾವ ಅಂತ ನಂಬಿದೆ. ಹೊರಗಿನ ಯಾರಿಗೂ ಗೊತ್ತಿಲ್ಲದ ಜಾಗ, ನಾನ ಕೈ ಹಿಡಕೊಂಡು ಹೋಗಿ ತೋರ್ಸಿದೆ. ನನ್ನ ಬುದ್ಧಿಗೇಡಿತನದಿಂದ ಊರಿಗೆ ನೀರಿಲ್ದಂಗಾತು. ಈಗ ಆ ಗುಡ್ಡಕ್ಕೂ ನಂಬರ ಹಾಕಾಕ ಬರ್ತಾರ. ಯವ್ವಾ, ಯಪ್ಪಾ, ಯಾರೂ ನನ್ನಂಗ ನಂಬಬ್ಯಾಡ್ರಿ. ದಾರಿ ತೋರ್ಸಬ್ಯಾಡ್ರಿ."

ವೇದಿಕೆಯ ಮೇಲಿದ್ದ ಅಧಿಕಾರಿ ಮುಂದಕ್ಕೆ ಬಾಗಿ ಕೇಳಿದರು: "ಹಾಗೆ ಹೇಳಿ ನಂಬಿಸಿದವರು ಯಾರಮ್ಮಾ? ಹೆಸರು ಹೇಳಿ, ಬರೆದುಕೊಳ್ಳುತ್ತೇವೆ."

ಹೊನ್ನೂರಮ್ಮ ಜನ ಕೂತಿದ್ದ ಕಡೆಗೆ ಮುಖ ತಿರುಗಿಸಿದಳು. ಆಕೆಯ ಕಣ್ಣಿಗೆ ಮೂರನೆಯ ಸಾಲು ಕಾಣುತ್ತಿರಲಿಲ್ಲ. ಆದರೆ ನಾನು ಅಲ್ಲಿದ್ದೇನೆಂದು ಆಕೆಗೆ ಗೊತ್ತಿತ್ತು. ನಾನು ಏಳಲಿ ಎಂದು ಕಾಯುತ್ತಿದ್ದಳು. ಅದು ನನಗೂ ಗೊತ್ತಿತ್ತು. ಕುರ್ಚಿಯ ಹಿಡಿಕೆಯ ಮೇಲೆ ಕೈ ಊರಿದೆ.

"ಯಾವನೋ ಒಬ್ಬ ಹುಡುಗ, ಸಾಹೇಬ್ರ," ಎಂದಳು. "ಈಗ ಇಲ್ಲ ಅಂವ."

ಅಧಿಕಾರಿ ಹಾಗೇ ಬರೆದುಕೊಂಡರು. ನಾನು ಎದ್ದು ನಿಲ್ಲಲಿಲ್ಲ.